‘ಆಗಬಹುದು’ ಎಂದವರ ಹೊಣೆ

ಎರಡು ವರ್ಷದ ಹಿಂದಿನ ಮಾತು. ಯುಗಾದಿಗೆಂದು ಸಿರವಾರಕ್ಕೆ ಹೋಗಿದ್ದೆ. ಹಬ್ಬದ ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದಾಗ ದೊಡ್ಡವ್ವ ಬಂದು ತನ್ನ ಬಲಗೈ ಮುಂದೆ ಚಾಚಿದಳು. ಆ ಕೈಯ ಮೇಲೆ ಒಂದು ಹಳೆಯ ಸುಟ್ಟ ಕಲೆಯಿದೆ. ನಾನು ಹುಟ್ಟುವ ಮೊದಲು, ರೊಟ್ಟಿ ಮಾಡುತ್ತಿದ್ದಾಗ ಸೆರಗಿಗೆ ಬೆಂಕಿ ಹತ್ತಿ, ಅದನ್ನು ಆರಿಸಲು ಹೋಗಿ ಸುಟ್ಟುಕೊಂಡದ್ದು. ತೋರುಬೆರಳಿನಿಂದ ಮುಂಗೈವರೆಗೆ ಚರ್ಮ ಬಿಗಿದು ಹೊಳೆಯುತ್ತದೆ. ಚಿಕ್ಕವನಿದ್ದಾಗ ಅದನ್ನು ಸವರುತ್ತಾ ನಿದ್ದೆಹೋಗುತ್ತಿದ್ದೆನಂತೆ. ಆ ಕಲೆ ಈಗ ಬೆರಳಿನ ಬುಡದಲ್ಲಿ ಒಡೆದಿತ್ತು. ಗಾಯದ ಅಂಚು ದಪ್ಪಗಾಗಿತ್ತು. ನಾಲ್ಕು ತಿಂಗಳಾದರೂ ಮಾಯುತ್ತಿಲ್ಲ ಎಂದಳು.

“ನೀ ಗಿಡಮೂಲಿಕಿ ಮ್ಯಾಲೇ ಓದ್ಲಿಕತ್ತೀಯಲ್ಲ ತಮ್ಮಾ, ಇದಕ್ಕೇನರ ಔಷಧ ಅದ ಏನು? ಬಾಜು ಮನಿಯವ್ರು ಕ್ಯಾನ್ಸರ್ ಇದ್ರೂ ಇರಬೌದು ಅಂತ ಹೆದರಸ್ಲಿಕತ್ಯಾರ.”

“ರಾಯಚೂರಿಗೆ ಹೋಗಿ ತೋರಿಸು ದೊಡ್ಡವ್ವ” ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಯಾರೋ ನನ್ನ ಓದಿನ ಬಗ್ಗೆ ಕೇಳಿದ್ದರು. ಪಿಎಚ್.ಡಿ. ಎಂದರೆ ಇನ್ನೂ ಮುಗಿಯದ ಪರೀಕ್ಷೆ ಎಂದೇ ತಿಳಿದಿರುವ ಮನೆ ನಮ್ಮದು. “ಬಿಪಿಗೆ ಕೊಡ್ತಿದ್ದ ಒಂದು ಬೇರಿನ ಔಷಧ ಅದ, ಸರ್ಪಗಂಧ ಅಂತ. ಅದು ಚರ್ಮದ ಕ್ಯಾನ್ಸರ್ ಹರಡೋದನ್ನ ತಡೀತದ ಅಂತ ಈಗ ಸಂಶೋಧನಾ ಬಂದದ. ಮುಂದ ಅದೇ ಔಷಧ ಆಗಬಹುದು” ಎಂದೆ.

ಎರಡು ದಿನದಲ್ಲಿ ನಾನು ವಿಶ್ವವಿದ್ಯಾಲಯಕ್ಕೆ ಮರಳಿದೆ. ಆ ಮಾತನ್ನು ಮರೆತೆ. ದೊಡ್ಡವ್ವ ಮರೆಯಲಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ ಎಂಬುದನ್ನು ಮೊದಲು ಓದುಗರ ಮುಂದಿಡಬೇಕು. ಯಾಕೆಂದರೆ ಈ ಬರಹದ ತೊಡಕು ಇರುವುದೇ ಅಲ್ಲಿ.

ಸರ್ಪಗಂಧದ ಬೇರನ್ನು ಹಾವಿನ ಕಡಿತಕ್ಕೆ, ಹುಚ್ಚಿಗೆ, ನಿದ್ದೆಗೆಡುವಿಕೆಗೆ ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಸುತ್ತಾ ಬಂದಿದ್ದಾರೆ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. ಅದೇ ಕಾಲಕ್ಕೆ ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಆ ಬೇರಿನಿಂದ ಕೆಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಮ್ ಜಾಲ್ ವಕೀಲ್ 50 ರೋಗಿಗಳ ಮೇಲಿನ ತಮ್ಮ ಅಧ್ಯಯನವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಈ ಬೇರಿನತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಎಂಬ ಅಂಶವನ್ನು ಪ್ರತ್ಯೇಕಿಸಿದರು. ದಿನಕ್ಕೆ ಕಾಲು ಮಿಲಿಗ್ರಾಂ ಸಾಕು. ನರಗಳ ತುದಿಯಲ್ಲಿ ಕೂಡಿಟ್ಟ ಕೆಲವು ರಾಸಾಯನಿಕಗಳನ್ನು ಅದು ಬರಿದು ಮಾಡುತ್ತದೆ, ರಕ್ತನಾಳಗಳ ಬಿಗಿ ಸಡಿಲಾಗುತ್ತದೆ, ಒತ್ತಡ ಇಳಿಯುತ್ತದೆ. ಕೆಲವರಲ್ಲಿ ಮನಸ್ಸೂ ಕುಗ್ಗುತ್ತದೆ. ಬೇರೆ ಗುಳಿಗೆಗಳು ಬಂದ ಮೇಲೆ ವೈದ್ಯರು ಇದನ್ನು ಬರೆಯುವುದು ತೀರಾ ಕಡಿಮೆಯಾಯಿತು.

2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆಯ ಒಂದು ತಂಡ ಕ್ಯಾನ್ಸರ್ ಸೆಲ್ ಎಂಬ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಕ್ಯಾನ್ಸರ್ ಗಡ್ಡೆಯ ಜೀವಕೋಶಗಳು ಅತಿ ಸಣ್ಣ ಚೀಲಗಳನ್ನು ಹೊರಗೆ ಬಿಡುತ್ತವೆ. ಅವು ದೂರದ ಆರೋಗ್ಯವಂತ ಕೋಶಗಳನ್ನು ಹೊಕ್ಕು, ಮುಂದೆ ಬರಲಿರುವ ಕ್ಯಾನ್ಸರಿಗೆ ಅಲ್ಲಿ ನೆಲ ಹದ ಮಾಡುತ್ತವೆ. ಬಿತ್ತನೆಗೆ ಮೊದಲು ಹೊಲ ಹರಗಿದ ಹಾಗೆ. ಈ ಚೀಲಗಳು ಒಳಹೋಗದಂತೆ ತಡೆಯುವ ವಸ್ತು ಯಾವುದಾದರೂ ಇದೆಯೇ ಎಂದು ಹುಡುಕಿದಾಗ ಸಿಕ್ಕದ್ದು ಹಳೆಯ ರೆಸರ್ಪಿನ್. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದ ಇಲಿಗಳಿಗೆ ಅದನ್ನು ಕೊಟ್ಟಾಗ ಶ್ವಾಸಕೋಶಕ್ಕೆ ರೋಗ ಹರಡುವುದು ಕಡಿಮೆಯಾಯಿತು.

ಹೀಗಾಗಿ ನಾನು ಹೇಳಿದ್ದರಲ್ಲಿ ಪ್ರತಿಯೊಂದು ಪದಕ್ಕೂ ಆಧಾರವಿತ್ತು. ಬಿಪಿಯ ಔಷಧ ಹೌದು. ಬೇರಿನಿಂದ ಬಂದದ್ದು ಹೌದು. ಚರ್ಮದ ಕ್ಯಾನ್ಸರ್ ಹೌದು. ಹರಡುವುದನ್ನು ತಡೆದದ್ದು ಹೌದು. ಕೊನೆಗೆ ‘ಆಗಬಹುದು’ ಎಂದೂ ಸೇರಿಸಿದ್ದೆ. ಪ್ರಬಂಧ ಬರೆಯುವಾಗ ನಮ್ಮ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ತಿದ್ದಿ ಸೇರಿಸುವ ಪದವೇ ಅದು.

ಆಗಸ್ಟಿನಲ್ಲಿ ಅಣ್ಣ ಫೋನ್ ಮಾಡಿದ. ದೊಡ್ಡವ್ವ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದಾಳೆ, ಬಿಪಿ ತೀರಾ ಇಳಿದಿದೆ, ರಾಯಚೂರಿಗೆ ಕರೆದುಕೊಂಡು ಬಂದಿದ್ದೇವೆ ಎಂದ. ವಿಚಾರಿಸಿದರೆ, ಸಂತೆಯಲ್ಲಿ ಬೇರು ಮಾರುವವನೊಬ್ಬನಿಂದ ಸರ್ಪಗಂಧದ ಪುಡಿ ತರಿಸಿಕೊಂಡು ಸಂಜೆ ಹಾಲಿನಲ್ಲಿ ಕುಡಿಯುತ್ತಿದ್ದಳು, ಗಾಯಕ್ಕೂ ಹಚ್ಚುತ್ತಿದ್ದಳು. ಬಿಪಿ ಗುಳಿಗಿಯನ್ನೂ ಬಿಟ್ಟಿರಲಿಲ್ಲ. ಗುಳಿಗೆಯಲ್ಲಾದರೆ ಅಳತೆ ಇರುತ್ತದೆ. ಚಿಟಿಕೆ ಪುಡಿಯಲ್ಲಿ ಎಷ್ಟಿದೆ ಎಂದು ಅಳೆಯುವವರು ಯಾರು? ಅದು ಸರ್ಪಗಂಧವೋ, ಅದೇ ಕುಲದ ಬೇರೆ ಗಿಡದ ಬೇರೋ ಎಂದು ಪುಡಿ ನೋಡಿ ಹೇಳುವುದೂ ಕಷ್ಟ.

ತಲೆ ಸುತ್ತಿದ್ದಕ್ಕೆಂದು ನೋಡಿದ ವೈದ್ಯರ ಕಣ್ಣು ಕೈಯ ಮೇಲೆ ಬಿತ್ತು. ಗಾಯದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹಳೆಯ ಸುಟ್ಟ ಕಲೆಯಲ್ಲಿ ದಶಕಗಳ ನಂತರ ಹುಟ್ಟುವ, ಸ್ಕ್ವಾಮಸ್ ಸೆಲ್ ಎಂದು ಕರೆಯುವ ಜಾತಿಯ ಕ್ಯಾನ್ಸರ್ ಅದು. ತೋರುಬೆರಳನ್ನು ಬುಡದಿಂದ ತೆಗೆಯಬೇಕಾಯಿತು. ಬೇರೆಲ್ಲೂ ಹರಡಿರಲಿಲ್ಲ. “ಯುಗಾದಿ ಸುಮಾರಿಗೇ ಬಂದಿದ್ದರೆ ಬೆರಳು ಉಳಿಯಬಹುದಿತ್ತು” ಎಂದರು ವೈದ್ಯರು.

ಅವರದ್ದೂ ಒಂದು ‘ಬಹುದು’.

ಯಾಕೆ ಆಗಲೇ ಬರಲಿಲ್ಲ ಎಂದು ನಾನು ಕೇಳಿದಾಗ ದೊಡ್ಡವ್ವ ಹೇಳಿದ್ದು ಇಷ್ಟೇ: “ನೀನೇ ಆಗಬೌದು ಅಂದಿದ್ಯಲ್ಲಪ್ಪಾ.” ದೂರುವ ದನಿ ಅಲ್ಲ ಅದು. ನನಗೇ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾಕೆ ಕೇಳುತ್ತಿದ್ದೇನೆ ಎಂಬ ಬೆರಗು ಅಷ್ಟೇ.

ನಿಜ ಹೇಳಿಯೂ ಒಬ್ಬರಿಗೆ ಕೇಡು ಮಾಡಬಹುದೇ? ಮಾಡಿದರೆ ಅದಕ್ಕೆ ಹೊಣೆ ಯಾರದು?

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಯಜಮಾನ ಬರುತ್ತಾನೆ. ಹಡಗು ಹಳೆಯದು, ದುರಸ್ತಿ ಬೇಕು ಎಂಬ ಅನುಮಾನ ಅವನಿಗಿದೆ. ಆದರೆ ಇಷ್ಟು ಸಲ ಹೋಗಿಬಂದ ಹಡಗು ಈ ಸಲವೂ ಹೋಗಿಬರುತ್ತದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡು ಜನರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಮುಳುಗದೇ ದಡ ಸೇರಿದ್ದರೂ ಅವನ ತಪ್ಪು ತಪ್ಪೇ ಎನ್ನುತ್ತಾನೆ ಕ್ಲಿಫರ್ಡ್. ಸಾಕಷ್ಟು ಆಧಾರವಿಲ್ಲದೆ ನಂಬುವ ಹಕ್ಕು ಅವನಿಗಿರಲಿಲ್ಲ.

ಇದನ್ನು ಮೊದಲು ಓದಿದಾಗ ಒಪ್ಪಿದ್ದೆ. ದೊಡ್ಡವ್ವನ ವಿಷಯಕ್ಕೆ ಇದು ಸರಿಹೊಂದುವುದಿಲ್ಲ. ಅವಳು ಆಧಾರವಿಲ್ಲದೆ ನಂಬಿದವಳಲ್ಲ. ಅವಳ ಆಧಾರ ನಾನು. ಎಂಟು ವರ್ಷ ಓದಿದ ಹುಡುಗ, ತನ್ನ ಮಡಿಲಲ್ಲಿ ಬೆಳೆದವನು, ಸುಳ್ಳು ಹೇಳುವವನಲ್ಲ. ಇದಕ್ಕಿಂತ ಗಟ್ಟಿ ಆಧಾರ ನಮ್ಮಲ್ಲಿ ಬಹಳ ಜನರ ಬಳಿ ಇರುವುದಿಲ್ಲ. ನಂಬಿದ್ದು ತಪ್ಪಲ್ಲ ಎಂದಾದರೆ ತಪ್ಪು ನಂಬಿಸಿದ ಕಡೆಗೇ ಸರಿಯುತ್ತದೆ. ಆದರೆ ನಾನು ನಂಬಿಸಲು ಹೊರಟಿರಲಿಲ್ಲವಲ್ಲ, ಬರೀ ‘ಆಗಬಹುದು’ ಎಂದಿದ್ದೆನಲ್ಲ?

ಇಲ್ಲಿ ನಮ್ಮ ಭಾಷೆಯೇ ನನಗೊಂದು ಪಾಠ ಹೇಳಿತು. ಕನ್ನಡದ ‘ಬಹುದು’ವಿಗೆ ಎರಡು ಅರ್ಥ. ‘ಇವತ್ತು ಮಳೆ ಬರಬಹುದು’ ಎಂದರೆ ಸಾಧ್ಯತೆ. ‘ನೀವಿನ್ನು ಹೊರಡಬಹುದು’ ಎಂದರೆ ಅನುಮತಿ. ಪ್ರಯೋಗಾಲಯದಲ್ಲಿ ನಾವು ಆಡುವುದು ಮೊದಲನೆಯದನ್ನು. ಸಂಕಟದಲ್ಲಿರುವವರ ಕಿವಿಗೆ ಬೀಳುವುದು ಎರಡನೆಯದು. ನಾನು ಸಾಧ್ಯತೆ ಹೇಳಿದೆ, ದೊಡ್ಡವ್ವ ಅನುಮತಿ ಕೇಳಿಸಿಕೊಂಡಳು. ಅವಳಿಗೆ ಆಪರೇಷನ್ನಿನ ಭಯವಿತ್ತು, ಆಗ ಮನೆಯಲ್ಲಿ ದುಡ್ಡಿನ ಅಡಚಣೆಯಿತ್ತು, ದವಾಖಾನಿಗೆ ಯಾರನ್ನು ಕರೆದುಕೊಂಡು ಹೋಗುವುದೆಂಬ ಸಂಕೋಚವಿತ್ತು. ಇಷ್ಟೆಲ್ಲ ಇರುವಲ್ಲಿ ಒಂದು ‘ಬಹುದು’ ಬಿದ್ದರೆ ಅದು ಯಾವ ಕಡೆಗೆ ವಾಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ನಾನು ಊಹಿಸಲಿಲ್ಲ.

ಆಮೇಲೆ ರೆಸರ್ಪಿನ್‌ನ ಚರಿತ್ರೆಯನ್ನು ಇನ್ನೊಮ್ಮೆ ಓದಿದೆ. ಈ ಸಲ ಪ್ರಬಂಧಕ್ಕಾಗಿ ಅಲ್ಲ.

1974ರ ಸೆಪ್ಟೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಟ್ಟಿಗೇ ಮೂರು ಅಧ್ಯಯನಗಳು ಬಂದವು: ಅಮೆರಿಕದ ಬಾಸ್ಟನ್, ಬ್ರಿಟನ್ ಮತ್ತು ಫಿನ್ಲೆಂಡಿನಿಂದ. ಬಿಪಿಗೆ ಈ ಔಷಧ ತೆಗೆದುಕೊಂಡ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಎಂದು ಮೂರೂ ಹೇಳಿದವು. ಬಾಸ್ಟನ್ನಿನ ಲೆಕ್ಕದಲ್ಲಿ ಅದು ಸುಮಾರು ಮೂರು ಪಟ್ಟು. ಜಗತ್ತಿನ ಎಷ್ಟೋ ಜನ ದಿನಾ ನುಂಗುತ್ತಿದ್ದ ಗುಳಿಗೆಯ ಹೆಸರು ಒಂದೇ ವಾರದಲ್ಲಿ ಕೆಟ್ಟಿತು. ಆಮೇಲೆ ಬಂದ ಹಲವು ಅಧ್ಯಯನಗಳಲ್ಲಿ ಈ ಸಂಬಂಧ ಕಾಣಲಿಲ್ಲ. ಹಾಗಾದರೆ ಮೊದಲು ಕಂಡದ್ದೇನು? 1985ರಲ್ಲಿ ಹಾರ್ವಿಟ್ಜ್ ಮತ್ತು ಫೈನ್‌ಸ್ಟೀನ್ ಇದರ ಗುಟ್ಟು ಬಿಡಿಸಿದರು.

ಇಂಥ ಅಧ್ಯಯನದಲ್ಲಿ ಎರಡು ಗುಂಪು ಇರುತ್ತವೆ. ಕ್ಯಾನ್ಸರ್ ಇರುವವರು ಒಂದು ಕಡೆ, ಹೋಲಿಕೆಗಾಗಿ ಕ್ಯಾನ್ಸರ್ ಇಲ್ಲದವರು ಇನ್ನೊಂದು ಕಡೆ. ಇಬ್ಬರಲ್ಲಿ ಯಾರು ಎಷ್ಟು ಮಂದಿ ಆ ಔಷಧ ತೆಗೆದುಕೊಂಡಿದ್ದಾರೆ ಎಂದು ಎಣಿಸುತ್ತಾರೆ. ಹೋಲಿಕೆಯ ಗುಂಪಿನಿಂದ ಹೃದಯ ಮತ್ತು ರಕ್ತನಾಳದ ಕಾಯಿಲೆ ಇದ್ದ ಹೆಂಗಸರನ್ನು ಹೊರಗಿಡಲಾಗಿತ್ತು. ಆದರೆ ರೆಸರ್ಪಿನ್ ತೆಗೆದುಕೊಳ್ಳುವವರು ಅವರೇ! ಅವರನ್ನು ಹೊರಗಿಟ್ಟ ಮೇಲೆ ಆ ಗುಂಪಿನಲ್ಲಿ ಔಷಧ ತೆಗೆದುಕೊಂಡವರು ಕಡಿಮೆಯಾಗಲೇಬೇಕು. ಆಗ ಕ್ಯಾನ್ಸರ್ ಗುಂಪಿನಲ್ಲಿ ಹೆಚ್ಚಾಗಿ ಕಾಣಲೇಬೇಕು. ಎಣಿಕೆಯಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಎಣಿಸಿದವರನ್ನೆಲ್ಲ ಸರಿಯಾಗಿಯೇ ಎಣಿಸಿದ್ದರು. ತಪ್ಪಿದ್ದದ್ದು ಎಣಿಸದೇ ಬಿಟ್ಟವರಲ್ಲಿ.

ಇನ್ನೊಂದು ಸಂಗತಿಯೂ ಇದೆ. ಇಲಿ ಮತ್ತು ಹೆಗ್ಗಣಗಳಲ್ಲಿ ಗಡ್ಡೆ ಕಂಡದ್ದರ ಆಧಾರದ ಮೇಲೆ 1981ರಿಂದಲೂ ಅಮೆರಿಕದ ಸರಕಾರಿ ಪಟ್ಟಿಯಲ್ಲಿ ರೆಸರ್ಪಿನ್ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿನಲ್ಲಿದೆ. ಅಂದರೆ ಇಲಿಯ ಸಾಕ್ಷಿಯ ಮೇಲೆಯೇ ಒಂದು ಕಡೆ ಇದು ಕ್ಯಾನ್ಸರ್ ತರಬಹುದು, ಇನ್ನೊಂದು ಕಡೆ ಕ್ಯಾನ್ಸರ್ ಹರಡುವುದನ್ನು ತಡೆಯಬಹುದು. ಎರಡೂ ನಿಜವಿರಲು ಅಡ್ಡಿಯಿಲ್ಲ. ಹಬ್ಬದ ಮರುದಿನ ಪಡಸಾಲೆಯಲ್ಲಿ ಕೂತು ನಾನು ಹೇಳಿದ್ದು ಎರಡನೆಯದನ್ನು ಮಾತ್ರ. ಯಾಕೆಂದರೆ ಅದು ಹೊಸದು, ಹೇಳಲು ಹಿತವಾದದ್ದು, ಹೇಳಿದವನಿಗೆ ಮರ್ಯಾದೆ ತರುವಂಥದ್ದು.

ಬಿಟ್ಟುಹೋದವರ ವಿಷಯ ಬಂದಾಗ ನಮ್ಮ ಭಾಗದ ಚರ್ಮದ ಮಾತನ್ನೂ ಹೇಳಬೇಕು. ಚರ್ಮದ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಪ್ರಯೋಗಾಲಯಗಳಲ್ಲಿ ಹೆಚ್ಚು ಸುದ್ದಿ ಮಾಡುವ ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವಂಥದ್ದು. ಬಿಳಿ ಚರ್ಮದವರಲ್ಲಿ ಅದು ಹೆಚ್ಚು, ನಮ್ಮಲ್ಲಿ ಅಪರೂಪ. ನಮ್ಮ ಕಡೆ ಚರ್ಮದ ಕ್ಯಾನ್ಸರಿಗೆ ಬೇರೆ ದಾರಿಗಳಿವೆ. ದೊಡ್ಡವ್ವನ ಕೈಯಂಥ ಸುಟ್ಟ ಕಲೆ ಒಂದು. ನೀರು ಇನ್ನೊಂದು.

ಸಿರವಾರದಿಂದ ದೇವದುರ್ಗಕ್ಕೆ ಹೋಗಿ, ಕೃಷ್ಣೆ ದಾಟಿದರೆ ಸುರಪುರ ತಾಲೂಕು. ಅಲ್ಲಿ ಮಂಗಳೂರು ಎಂಬ ಊರಿನ ಸುತ್ತ ಹಿಂದೆ ಚಿನ್ನದ ಗಣಿಯಿತ್ತು. ಹತ್ತಿರದಲ್ಲೇ ಕಿರದಳ್ಳಿ ತಾಂಡಾ. ಅಲ್ಲಿಯ ಜನರ ಅಂಗೈ, ಅಂಗಾಲು ಗಂಟುಗಟ್ಟುತ್ತಿದ್ದವು, ಮೈಮೇಲೆ ಕಪ್ಪು ಬಿಳಿ ಚುಕ್ಕೆ ಏಳುತ್ತಿದ್ದವು. ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. 59 ಕೊಳವೆಬಾವಿಗಳ ನೀರಿನಲ್ಲಿ ಶೇ. 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ದಾಟಿತ್ತು. ಒಂದರಲ್ಲಿ 303ರಷ್ಟಿತ್ತು. ಪರೀಕ್ಷಿಸಿದ 181 ಜನರಲ್ಲಿ ಶೇ. 58.6 ಮಂದಿಯ ಚರ್ಮದ ಮೇಲೆ ಅದರ ಗುರುತಿತ್ತು. ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಚರ್ಮದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ‘ಬಹುದು’ ಬೇಕಿಲ್ಲ. ಅದು ಜಗತ್ತಿನ ಹಲವೆಡೆ ಸಾಬೀತಾದ ಮಾತು.

ದೊಡ್ಡವ್ವನ ಗಾಯಕ್ಕೂ ಆ ನೀರಿಗೂ ಸಂಬಂಧ ಕಲ್ಪಿಸುತ್ತಿಲ್ಲ. ನಾನು ಹೇಳುವುದು ಬೇರೆ. ‘ಚರ್ಮದ ಕ್ಯಾನ್ಸರ್’ ಎಂದು ನಾನಂದಾಗ ನನ್ನ ಕಣ್ಣ ಮುಂದಿದ್ದದ್ದು ಪ್ರಬಂಧದಲ್ಲಿನ ಇಲಿಯ ಶ್ವಾಸಕೋಶದ ಚಿತ್ರ. ದೊಡ್ಡವ್ವನ ಕಣ್ಣ ಮುಂದಿದ್ದದ್ದು ಅವಳ ಕೈ. ಆ ಸಂಶೋಧನೆಯಲ್ಲಿ ಅವಳ ಜಾತಿಯ ರೋಗ ಇರಲಿಲ್ಲ, ಅವಳ ವಯಸ್ಸು ಇರಲಿಲ್ಲ, ಅವಳು ಆಗಲೇ ನುಂಗುತ್ತಿದ್ದ ಗುಳಿಗಿ ಇರಲಿಲ್ಲ, ಮನುಷ್ಯರೇ ಇರಲಿಲ್ಲ. ಇಷ್ಟೆಲ್ಲ ಇಲ್ಲದಿದ್ದರೂ ನನ್ನ ಒಂದು ಮಾತು ಅವಳನ್ನು ಅದರೊಳಗೆ ಎಳೆದು ಕೂರಿಸಿತು.

ಹಾಗಾದರೆ ಏನು ಹೇಳಬೇಕಿತ್ತು? ಸುಮ್ಮನಿರಬೇಕಿತ್ತೇ?

ಗೆಳೆಯನೊಬ್ಬ ಹಾಗೇ ಅಂದ. ಸಂಶೋಧನೆಯ ಮಾತು ಸಂಶೋಧಕರಲ್ಲೇ ಇರಲಿ, ಮನೆಯಲ್ಲಿ ಆಡಬೇಡ. ನನಗದು ಒಪ್ಪಿಗೆಯಾಗಲಿಲ್ಲ. ಸರ್ಪಗಂಧದ ಅರಿವು ಹುಟ್ಟಿದ್ದೇ ಹಳ್ಳಿಯ ಬೇರಿನವರಲ್ಲಿ, ಹಕೀಮರಲ್ಲಿ, ವೈದ್ಯರಲ್ಲಿ. ಅವರು ಹೇಳದಿದ್ದರೆ ವಕೀಲರ ಅಧ್ಯಯನವೂ ಇಲ್ಲ, ಬಾಸೆಲ್‌ನ ಗುಳಿಗೆಯೂ ಇಲ್ಲ. ಅವರಿಂದ ಪಡೆದು, ಈಗ ನಿಮಗೆ ತಿಳಿಯುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳುವುದು ಯಾವ ನ್ಯಾಯ? ಮೇಲಾಗಿ ನಾವು ಸುಮ್ಮನಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ವಾಟ್ಸಾಪ್ ಇದೆ, ಸಂತೆಯಲ್ಲಿ ಪುಡಿ ಮಾರುವವನಿದ್ದಾನೆ.

ಉತ್ತರ ಸಿಕ್ಕಿದ್ದು ನಮ್ಮ ನೆಲದಲ್ಲೇ ಬೇರುಬಿಟ್ಟ ಜೈನ ದರ್ಶನದಲ್ಲಿ. ಕಾಲೇಜಿನಲ್ಲಿ ಸ್ಯಾದ್ವಾದವನ್ನು ‘ಇರಬಹುದು ಎಂಬ ವಾದ’ ಎಂದು ಉರುಹೊಡೆದು ಅಂಕ ತೆಗೆದುಕೊಂಡಿದ್ದೆ. ಅದು ಅರ್ಧ ಅರ್ಥ. ‘ಸ್ಯಾತ್’ ಎಂದರೆ ಅನುಮಾನವಲ್ಲ, ಹೇಗೂ ಇರಲಿ ಎಂಬ ಉಡಾಫೆಯೂ ಅಲ್ಲ. ‘ಒಂದು ಬಗೆಯಿಂದ ನೋಡಿದರೆ ಹೀಗಿದೆ’ ಎಂದು. ಯಾವ ಬಗೆಯಿಂದ ಎಂದು ಹೇಳುವ ಹೊಣೆ ಹೇಳಿದವನದು. ಅದಕ್ಕೆ ನಾಲ್ಕು ಅಳತೆಗಳನ್ನೂ ಕೊಟ್ಟಿದ್ದಾರೆ: ದ್ರವ್ಯ, ಕ್ಷೇತ್ರ, ಕಾಲ, ಭಾವ. ಯಾವ ವಸ್ತು, ಎಲ್ಲಿ, ಯಾವಾಗ, ಯಾವ ಸ್ಥಿತಿಯಲ್ಲಿ. ಮಡಕೆ ಇದೆ ಎಂದರೆ ಸಾಲದು. ಮಣ್ಣಿನದಾಗಿ ಇದೆ, ಈ ಮನೆಯಲ್ಲಿ ಇದೆ, ಇವತ್ತು ಇದೆ, ಈ ಬಣ್ಣದಲ್ಲಿ ಇದೆ. ಚಿನ್ನದ್ದಾಗಿ, ಬೇರೆ ಊರಿನಲ್ಲಿ ಇಲ್ಲ.

ನನ್ನ ಮಾತಿಗೆ ಈ ಅಳತೆ ಹಿಡಿದು ನೋಡಿದೆ. ದ್ರವ್ಯ: ಶುದ್ಧ ರೆಸರ್ಪಿನ್, ಸಂತೆಯ ಬೇರಿನ ಪುಡಿಯಲ್ಲ. ಕ್ಷೇತ್ರ: ಇಲಿಯ ಮೈ, ದೊಡ್ಡವ್ವನ ಕೈಯಲ್ಲ. ಕಾಲ: ಪ್ರಯೋಗದ ಕೆಲವು ವಾರ, ಅವಳು ಕಾಯ್ದ ಐದು ತಿಂಗಳಲ್ಲ. ಭಾವ: ಹರಡಲು ಹೊರಟ ಮೆಲನೋಮ, ಸುಟ್ಟ ಕಲೆಯ ಹುಣ್ಣಲ್ಲ. ನಾಲ್ಕನ್ನೂ ಹೇಳಿದ್ದರೆ ನನ್ನ ‘ಆಗಬಹುದು’ ನಿಜವಾಗುತ್ತಿತ್ತು. ನಾಲ್ಕನ್ನೂ ಬಿಟ್ಟು ಹೇಳಿದ್ದರಿಂದ ಅದು ಸುಳ್ಳಲ್ಲದಿದ್ದರೂ ನಿಜವೂ ಆಗಲಿಲ್ಲ.

ಹೀಗೆ ಅಳೆದು ಹೇಳುವುದು ಸಾಧ್ಯವೇ ಎಂದರೆ, ಸಾಧ್ಯವಿದೆ. ಬಿಪಿಗೆ ಬಹಳ ಬಳಕೆಯಲ್ಲಿರುವ ಹೈಡ್ರೋಕ್ಲೋರೋಥಯಜೈಡ್ ಎಂಬ ಗುಳಿಗೆ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸಿ, ಕೆಲವು ಬಗೆಯ ಚರ್ಮದ ಕ್ಯಾನ್ಸರಿನ ಅಪಾಯವನ್ನು ತುಸು ಹೆಚ್ಚಿಸುತ್ತದೆ ಎಂದು ಡೆನ್ಮಾರ್ಕಿನ ಅಧ್ಯಯನಗಳು ತೋರಿಸಿದವು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದನ್ನು ಗುಳಿಗೆಯ ಮಾಹಿತಿಯಲ್ಲಿ ಸೇರಿಸಿದರು. ಸೇರಿಸಿದ ರೀತಿ ಗಮನಿಸಬೇಕಾದದ್ದು. ವರ್ಷಕ್ಕೆ 16,000 ರೋಗಿಗಳಲ್ಲಿ ಸುಮಾರು ಒಂದು ಹೆಚ್ಚುವರಿ ಪ್ರಕರಣ. ಒಟ್ಟು 50,000 ಮಿಲಿಗ್ರಾಂಗೂ ಮೀರಿ ತೆಗೆದುಕೊಂಡ ಬಿಳಿ ಚರ್ಮದವರಲ್ಲಿ 6,700ಕ್ಕೆ ಒಂದು. ಜೊತೆಗೆ, ವೈದ್ಯರನ್ನು ಕೇಳದೆ ಗುಳಿಗೆ ಬಿಡಬೇಡಿ, ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಿ. ಎಷ್ಟು, ಯಾರಿಗೆ, ಈಗ ಏನು ಮಾಡಬೇಕು ಎಂಬ ಮೂರೂ ಅಲ್ಲಿವೆ. ಇದನ್ನೇ ‘ಬಿಪಿ ಗುಳಿಗೆಯಿಂದ ಕ್ಯಾನ್ಸರ್ ಬರಬಹುದು’ ಎಂದು ಒಂದು ಸಾಲಿಗೆ ಇಳಿಸಿ ನೋಡಿ. ಆ ಸಾಲಿನಲ್ಲಿ ಸುಳ್ಳಿಲ್ಲ. ಅದನ್ನು ಓದಿ ಗುಳಿಗೆ ಬಿಟ್ಟವರಿಗೆ ಲಕ್ವ ಹೊಡೆದರೆ ಆ ಸಾಲು ಬರೆದವರು ಸುಳ್ಳು ಹೇಳಲಿಲ್ಲ ಎಂದು ತಪ್ಪಿಸಿಕೊಳ್ಳಬಹುದೇ?

‘ಬಹುದು’ ಎಂಬುದನ್ನು ನಾವು ಸಂಶೋಧಕರು ವಿನಯದ ಗುರುತು ಎಂದುಕೊಂಡಿದ್ದೇವೆ. ಎಷ್ಟೋ ಸಲ ಅದು ನಮ್ಮ ರಕ್ಷಣೆಗೆ ಇಟ್ಟುಕೊಂಡ ಕಿಟಕಿ. ಫಲಿಸಿದರೆ ನಾವು ಹೇಳಿದ್ದೆವು, ಫಲಿಸದಿದ್ದರೆ ‘ಬಹುದು’ ಎಂದಷ್ಟೇ ಹೇಳಿದ್ದೆವು. ಕೇಳಿದವರಿಗೆ ಅಂಥ ಕಿಟಕಿಯಿಲ್ಲ. ಸಾಧ್ಯತೆಯನ್ನು ಆಡುವ ಹಕ್ಕು ನನಗಿದೆ, ಆದರೆ ಅದು ಯಾರಲ್ಲಿ ಕಂಡಿತು, ಯಾರನ್ನು ಬಿಟ್ಟು ಕಂಡಿತು ಎಂಬುದನ್ನು ಅದೇ ಉಸಿರಿನಲ್ಲಿ ಹೇಳುವ ಹೊಣೆಯೂ ಅದಕ್ಕೆ ಅಂಟಿಕೊಂಡೇ ಇದೆ. ಬಿಟ್ಟುಹೋದವರಲ್ಲಿ ನನ್ನೆದುರು ಕೂತವರೂ ಇದ್ದರೆ ಮೊದಲು ಅದನ್ನೇ ಹೇಳಬೇಕು.

ಈ ವರ್ಷವೂ ಯುಗಾದಿಗೆ ಹೋಗಿದ್ದೆ. ದೊಡ್ಡವ್ವ ನಾಲ್ಕು ಬೆರಳಿನಲ್ಲಿ ರೊಟ್ಟಿ ಬಡಿಯುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ತಟ್ಟುವ ಸಪ್ಪಳ ಮಾತ್ರ ಮೊದಲಿನ ಹಾಗಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತಾಳೆ. ಊಟಕ್ಕೆ ಕೂತಾಗ ಅದೇ ಸಹಜ ದನಿಯಲ್ಲಿ ಕೇಳಿದಳು: “ಆ ನಿನ್ನ ಬೇರಿಂದು ಏನಾತು ತಮ್ಮಾ, ಔಷಧ ಬಂತೇನು?”

ತುತ್ತು ಕೆಳಗಿಟ್ಟೆ. “ಇಲಿಗೆ ಕೊಟ್ಟು ನೋಡ್ಯಾರ ದೊಡ್ಡವ್ವ. ಅದೂ ಬ್ಯಾರೆ ಥರದ ಕ್ಯಾನ್ಸರ್. ನಿನ್ನಂಥ ಗಾಯಕ್ಕ ಅದನ್ನ ಯಾರೂ ನೋಡಿಲ್ಲ. ಅದು ನಿನಗಲ್ಲ.”

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. “ಇಷ್ಟ ಅವತ್ತ ಹೇಳಬೇಕಿಲ್ಲೋ” ಎಂದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.